ಕೈಯಾರೆ ಕಟ್ಟಿದ ಕಾರಿಗೆ ಒಳಹೊದಿಕೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ಸಂತೋಷವೂ ಸಂಕೋಚವೂ ಒಟ್ಟಿಗೇ ಉಂಟಾದವು. ಸಾಹಿತ್ಯ, ಯಕ್ಷಗಾನ, ಗಡಿನಾಡಿನ ಕನ್ನಡದ ಸ್ಥಿತಿಗತಿ ಮೊದಲಾದ ವಿಷಯಗಳ ಮೇಲೆ ಅಧಿಕಾರವಾಣಿಯಿಂದ ಬರೆಯಬಲ್ಲವರು ನಮ್ಮ ಕಾಸರಗೋಡಿನಲ್ಲಿ ಅನೇಕರಿದ್ದಾರೆ. ದುಡಿಮೆಯ ವರ್ಷಗಳನ್ನೆಲ್ಲ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕಳೆದ ನನಗೆ ತಿಳಿದಿರುವುದು ಯಂತ್ರಗಳ ವಿಷಯ ಮಾತ್ರ. ಆದ್ದರಿಂದ, ನಿವೃತ್ತಿಯ ಬಳಿಕ ನೆರೆಮನೆಯ ಮಿತ್ರರೊಬ್ಬರ ಜತೆಗೂಡಿ ಕಟ್ಟಿದ ಪುಟ್ಟ ಕಾರೊಂದರ ಕುರಿತು, ಅದರಲ್ಲಿಯೂ ಆ ಕಾರಿನ ಒಳಮೈಗೆ ಶಾಖವನ್ನೂ ಸದ್ದನ್ನೂ ತಡೆಯುವ ಪದರಗಳನ್ನು ಹಾಕಿ ಮೇಲೆ ರತ್ನಗಂಬಳಿ ಹೊದಿಸುವ ಕೆಲಸದ ಕುರಿತು ಬರೆಯಲು ಹೊರಟಿದ್ದೇನೆ.

ಇದು ಕೇವಲ ಅಲಂಕಾರದ ವಿಷಯವೆಂದು ಓದುಗರು ಭಾವಿಸಬಾರದು. ಕಾರಿನೊಳಗೆ ಕಣ್ಣಿಗೆ ಬೀಳುವುದು ರತ್ನಗಂಬಳಿಯೊಂದೇ. ಆದರೆ ಅದರ ಕೆಳಗೆ ಏನಿದೆ, ಯಾವ ಕ್ರಮದಲ್ಲಿದೆ ಎಂಬುದರ ಮೇಲೆ ಪ್ರಯಾಣದ ಸುಖ ಮಾತ್ರವಲ್ಲ, ಒಳಗೆ ಕುಳಿತವರ ಪ್ರಾಣವೂ ಅವಲಂಬಿಸಿದೆ. ಈ ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಿಟ್ ಕಾರು ಎಂದರೇನು?

ಕಾರ್ಖಾನೆಯಲ್ಲಿ ಪೂರ್ಣವಾಗಿ ಜೋಡಿಸಿದ ಕಾರನ್ನು ಕೊಳ್ಳುವ ಬದಲು, ಅದರ ಚೌಕಟ್ಟು, ಹೊರಮೈ, ಆಸನ ಮುಂತಾದ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ ಬಹುಕಾಲದಿಂದ ಇದೆ. ಹೀಗೆ ಜೋಡಿಸಿದ ವಾಹನಕ್ಕೆ ಕಿಟ್ ಕಾರು ಎಂದು ಹೆಸರು. ಎಂಜಿನ್, ಗಿಯರ್ ಪೆಟ್ಟಿಗೆ, ಹಿಂದಿನ ಅಚ್ಚು ಮೊದಲಾದವುಗಳನ್ನು ಸಾಮಾನ್ಯವಾಗಿ ಯಾವುದಾದರೊಂದು ಹಳೆಯ ಕಾರಿನಿಂದ ಬಿಚ್ಚಿಕೊಳ್ಳುತ್ತಾರೆ. ಆ ಹಳೆಯ ಕಾರನ್ನು ಅಲ್ಲಿಯವರು ‘ದಾನಿ’ ಎಂದೇ ಕರೆಯುತ್ತಾರೆ.

ಇವುಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ ಹೊರತಂದ ‘ಸೆವೆನ್’ ಎಂಬ ಎರಡು ಆಸನಗಳ ಹಗುರವಾದ ಕಾರು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆಯಿಂದ ವಿನಾಯಿತಿ ದೊರೆಯುತ್ತಿತ್ತು. ಜೋಡಣೆಯ ಸೂಚನೆಗಳನ್ನು ಒದಗಿಸಿದರೆ ವಿನಾಯಿತಿ ತಪ್ಪುತ್ತಿದ್ದುದರಿಂದ, ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು ಅವನ್ನು ಹಿಂದುಮುಂದಾಗಿ ಓದಿಕೊಳ್ಳಲು ಬಿಡುತ್ತಿದ್ದರೆಂದು ತಮಾಷೆಯಾಗಿ ಹೇಳುವುದುಂಟು. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಅನುಕೂಲ ಇಲ್ಲವಾಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ತೆರಿಗೆಯ ಲಾಭ ಹೋದರೂ ಕೈಯಾರೆ ಕಟ್ಟುವ ಹವ್ಯಾಸ ಮಾತ್ರ ಉಳಿದುಕೊಂಡಿತು. ಹೀಗೆ ಕಟ್ಟಿದ ವಾಹನಗಳನ್ನು ಒಂದೊಂದಾಗಿ ಪರೀಕ್ಷಿಸಿ ರಸ್ತೆಗಿಳಿಸುವ ಕಡ್ಡಾಯ ವ್ಯವಸ್ಥೆ 1998ರಲ್ಲಿ ಜಾರಿಗೆ ಬಂದು, 2009ರಲ್ಲಿ ಇನ್ನಷ್ಟು ಬಿಗಿಯಾಯಿತು.

ನಮ್ಮ ಕಾರು ಸೆವೆನ್ ಮಾದರಿಯದೇ. ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಅದಕ್ಕೆ ರಿವೆಟ್ ಹೊಡೆದು ಕೂರಿಸಿದ ತೆಳುವಾದ ಅಲ್ಯೂಮಿನಿಯಂ ತಗಡು, ಮುಂಭಾಗಕ್ಕೂ ಚಕ್ರಗಳ ಮೇಲಕ್ಕೂ ಫೈಬರ್‌ಗ್ಲಾಸ್ ಹೊದಿಕೆ. ತೂಕ ಆರುನೂರು ಕಿಲೋಗ್ರಾಂ ಆಸುಪಾಸು. ಎಂಜಿನ್ ಮುಂದುಗಡೆ, ಗಿಯರ್ ಪೆಟ್ಟಿಗೆಯೂ ತಿರುಗುದಂಡವೂ ಚಾಲಕನಿಗೂ ಪಕ್ಕದವನಿಗೂ ನಡುವೆ ಸುರಂಗದಂತಿರುವ ಒಂದು ಉದ್ದನೆಯ ಡಬ್ಬಿಯೊಳಗೆ. ಕಾರ್ಖಾನೆಯ ಕಾರಿನಲ್ಲಿ ಎಂಜಿನಿಯರುಗಳು ಹಲವಾರು ವರ್ಷ ಕುಳಿತು ಯೋಚಿಸಿ ಅಳವಡಿಸಿದ ಶಾಖತಡೆ, ಸದ್ದುತಡೆಗಳಿರುತ್ತವೆ. ಕಿಟ್ ಕಾರಿನಲ್ಲಿ ಅದೊಂದೂ ಇರುವುದಿಲ್ಲ. ಬರಿಯ ತಗಡಿನ ತೊಟ್ಟಿಯಲ್ಲಿ ಕುಳಿತು ಎಂಜಿನ್ ಹೊತ್ತಿಸಿದಂತೆ ಅದರ ಅನುಭವ. ಕಾಲಿಗೆ ಬಿಸಿ, ಕಿವಿಗೆ ಗದ್ದಲ, ಮಳೆ ಬಂದರೆ ತಳದಲ್ಲಿ ನೀರು.

ಶಾಖದ ಮೂರು ದಾರಿಗಳು

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ವಿಧಗಳಿಂದ ಹರಿಯುತ್ತದೆಂಬುದನ್ನು ನಾನು ಮೊತ್ತಮೊದಲು ಕಲಿತದ್ದು ನಮ್ಮ ಶಾಲೆಯಲ್ಲಿ, ಕನ್ನಡದಲ್ಲಿ. ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ಓದುವಾಗ ಹೊಸದಾಗಿ ಕಲಿಯಬೇಕಾದುದು ಪದಗಳನ್ನು ಮಾತ್ರ. ವಿಷಯ ಆಗಲೇ ಮನಸ್ಸಿನಲ್ಲಿ ಊರಿತ್ತು. ಕಾರಿನ ಒಳಹೊದಿಕೆಯ ಅರ್ಧ ಗುಟ್ಟು ಈ ಮೂರು ಪದಗಳಲ್ಲಿಯೇ ಅಡಗಿದೆ.

ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ ಓಡಾಟದಲ್ಲಿ ಹಲವು ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಅಷ್ಟು ಬಿಸಿಯಾದ ವಸ್ತು ಮುಖ್ಯವಾಗಿ ವಿಕಿರಣದಿಂದ ಶಾಖವನ್ನು ಚೆಲ್ಲುತ್ತದೆ. ವಿಕಿರಣದ ಪ್ರಮಾಣ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ, 27 ಡಿಗ್ರಿಯಲ್ಲಿರುವ ಕೊಳವೆ 327 ಡಿಗ್ರಿಗೆ ಏರಿದಾಗ ನಿರಪೇಕ್ಷ ಉಷ್ಣತೆ ಎರಡು ಪಟ್ಟಾಗುತ್ತದೆ, ಆದರೆ ಅದು ಚೆಲ್ಲುವ ವಿಕಿರಣ 16 ಪಟ್ಟಾಗುತ್ತದೆ. ಇದನ್ನು ತಡೆಯಲು ದಪ್ಪನೆಯ ಕಂಬಳಿ ಬೇಕಿಲ್ಲ, ಹೊಳಪಿನ ಮೇಲ್ಮೈ ಬೇಕು. ಶುಭ್ರವಾದ ಅಲ್ಯೂಮಿನಿಯಂ ಹಾಳೆ ತನ್ನ ಮೇಲೆ ಬಿದ್ದ ಶಾಖವಿಕಿರಣದ ಶೇಕಡ 90ಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಕಳುಹಿಸಬಲ್ಲುದು.

ಆದರೆ ಇಲ್ಲೊಂದು ನಿಬಂಧನೆಯಿದೆ. ಹೊಳೆಯುವ ಹಾಳೆಗೂ ಬಿಸಿ ವಸ್ತುವಿಗೂ ನಡುವೆ ಗಾಳಿಯ ಎಡೆ ಇರಲೇಬೇಕು. ಎರಡೂ ತಾಗಿಕೊಂಡರೆ ವಿಕಿರಣದ ಪ್ರಶ್ನೆಯೇ ಉಳಿಯುವುದಿಲ್ಲ. ವಹನದಿಂದ ಶಾಖ ನೇರವಾಗಿ ದಾಟುತ್ತದೆ. ಆಗ ಹೊಳಪಿನಿಂದ ಏನೂ ಪ್ರಯೋಜನವಿಲ್ಲ. ಎಂಜಿನ್ನಿನ ಕಡೆಗೆ ಹೊಳಪಿನ ಮುಖ, ಒಂದೆರಡು ಸೆಂಟಿಮೀಟರ್ ಗಾಳಿ, ಆ ಎಡೆಯ ಗಾಳಿ ಹರಿದುಹೋಗಲು ಮೇಲೂ ಕೆಳಗೂ ದಾರಿ: ಈ ಮೂರು ಇದ್ದರೆ ಶಾಖದ ದೊಡ್ಡ ಪಾಲು ಒಳಗೆ ಕಾಲಿಡುವ ಮೊದಲೇ ಹಿಂತಿರುಗುತ್ತದೆ.

ನಮ್ಮ ಊರಿನ ಹಂಚಿನ ಮನೆಗಳನ್ನು ನೆನಪಿಸಿಕೊಂಡರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯ ಮಾಡುಗಳ ರೂಪವೇ ಬದಲಾಯಿತು. ಅನುಕೂಲವಿದ್ದವರು ಹಂಚಿನ ಕೆಳಗೆ ಇನ್ನೊಂದು ಸಾಲು ಒಳಹಂಚನ್ನೋ ಮರದ ಮುಚ್ಚಿಗೆಯನ್ನೋ ಹಾಕಿಸುತ್ತಿದ್ದರು. ವೈಶಾಖದ ಬಿಸಿಲಿನಲ್ಲಿ ಮುಚ್ಚಿಗೆಯ ಕೋಣೆ ತಂಪಾಗಿರುವುದಕ್ಕೆ ಹಲಗೆಗಿಂತಲೂ ಹೆಚ್ಚಾಗಿ ಹಲಗೆಗೂ ಹಂಚಿಗೂ ನಡುವಿನ ಗಾಳಿಯೇ ಕಾರಣ. ಕಾರಿನ ಶಾಖತಡೆಯೂ ಇದೇ ತತ್ತ್ವದ್ದು.

ವಿಕಿರಣವನ್ನು ತಡೆದ ಮೇಲೆ ಉಳಿಯುವುದು ವಹನ. ಅಲುಗಾಡದೆ ನಿಂತ ಗಾಳಿ ಉಕ್ಕಿಗಿಂತ ಸುಮಾರು ಎರಡು ಸಾವಿರ ಪಟ್ಟು ಕಡಿಮೆ ಶಾಖವನ್ನು ಸಾಗಿಸುತ್ತದೆ. ನೊರೆಯಂತಹ ರಬ್ಬರು, ಹತ್ತಿಯ ಮುದ್ದೆ, ಕಂಬಳಿ ಇವೆಲ್ಲವೂ ಶಾಖವನ್ನು ತಡೆಯುವುದು ತಮ್ಮೊಳಗೆ ಹಿಡಿದಿಟ್ಟ ಈ ನಿಶ್ಚಲ ಗಾಳಿಯ ಬಲದಿಂದಲೇ. ಆದ್ದರಿಂದ ಅವುಗಳನ್ನು ಒತ್ತಿ ಒತ್ತಿ ತೆಳುವಾಗಿಸಿದರೆ ಗಾಳಿ ಹೋಗಿ ಗುಣವೂ ಹೋಗುತ್ತದೆ.

ಸದ್ದಿನ ಎರಡು ಮುಖಗಳು

ಕಾರಿನೊಳಗಿನ ಸದ್ದಿಗೆಲ್ಲ ಒಂದೇ ಮದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಸದ್ದು ಎರಡು ಬಗೆಯದು, ಮದ್ದೂ ಬೇರೆ ಬೇರೆ.

ಮೊದಲನೆಯದು ತಗಡಿನ ಕಂಪನ. ಎಂಜಿನ್ನಿನ ನಡುಕವೂ ರಸ್ತೆಯ ಕುಲುಕಾಟವೂ ಚೌಕಟ್ಟಿನ ಮೂಲಕ ಹರಿದು ತೆಳುವಾದ ತಗಡನ್ನು ಅಲುಗಿಸುತ್ತವೆ. ಅಗಲವಾದ ತಗಡೆಂದರೆ ಚೆಂಡೆಯ ಚರ್ಮವಿದ್ದಂತೆ. ಸಣ್ಣ ಪೆಟ್ಟಿಗೂ ದೊಡ್ಡದಾಗಿ ನುಡಿಯುತ್ತದೆ. ನುಡಿಯುತ್ತಿರುವ ಚೆಂಡೆಯ ಮೇಲೆ ಅಂಗೈ ಇಟ್ಟರೆ ನಾದ ಥಟ್ಟನೆ ಅಡಗುವುದನ್ನು ಆಟದ ಚೌಕಿಯಲ್ಲಿ ಸುಳಿದಾಡಿದ ಮಕ್ಕಳೆಲ್ಲರೂ ನೋಡಿರುತ್ತಾರೆ. ತಗಡಿಗೆ ಅಂಟಿಸುವ ಡಾಂಬರಿನ ಹಾಳೆ ಅಥವಾ ಬ್ಯುಟೈಲ್ ರಬ್ಬರಿನ ಹಾಳೆ ಮಾಡುವುದು ಅಂಗೈಯ ಕೆಲಸವನ್ನೇ. ತಗಡು ಬಾಗಿ ಏಳುವಾಗ ಈ ಅಂಟು ಪದಾರ್ಥವೂ ಹಿಗ್ಗಿ ಕುಗ್ಗಿ, ಕಂಪನದ ಶಕ್ತಿಯನ್ನು ಅತ್ಯಲ್ಪ ಶಾಖವನ್ನಾಗಿ ಮಾರ್ಪಡಿಸುತ್ತದೆ. ಹಾಳೆಯ ಬೆನ್ನಿಗೆ ಅಲ್ಯೂಮಿನಿಯಂ ಪದರವಿದ್ದರೆ ಪರಿಣಾಮ ಇನ್ನೂ ಹೆಚ್ಚು. ಡಾಂಬರು ಚಳಿಗೆ ಬಿರಿಯುವುದೂ ಬಿಸಿಗೆ ಮೆತ್ತಗಾಗುವುದೂ ಉಂಟು. ಬ್ಯುಟೈಲ್ ಈ ವಿಷಯದಲ್ಲಿ ಮೇಲು.

ತಗಡಿನ ಮೈಯೆಲ್ಲ ಈ ಹಾಳೆಯನ್ನು ಹೊದಿಸುವ ಅಗತ್ಯವಿಲ್ಲ. ಪ್ರತಿಯೊಂದು ತಗಡಿನ ನಡುವೆ ಮೂರನೆಯ ಒಂದು ಪಾಲಿನಷ್ಟು ಜಾಗಕ್ಕೆ ಅಂಟಿಸಿದರೂ ಪ್ರಯೋಜನದ ಬಹುಭಾಗ ದೊರೆಯುತ್ತದೆ. ಪರೀಕ್ಷೆ ಬಲು ಸುಲಭ. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಬೇಕು. ‘ಠಣ್’ ಎಂದರೆ ಇನ್ನೂ ಹಾಳೆ ಬೇಕು. ‘ದಪ್’ ಎಂದರೆ ಸಾಕು.

ಎರಡನೆಯದು ಗಾಳಿಯ ಮೂಲಕ ಬರುವ ಸದ್ದು. ಎಂಜಿನ್ನಿನ ಮೊರೆತ, ಹೊಗೆಕೊಳವೆಯ ಗುಡುಗು ಇತ್ಯಾದಿ ಗಾಳಿಯಲ್ಲಿಯೇ ತೇಲಿಬಂದು ಒಳಹೊಗುತ್ತವೆ. ಇದಕ್ಕೆ ತಡೆ ಭಾರ. ಗೋಡೆಯ ಭಾರವನ್ನು ಇಮ್ಮಡಿಸಿದರೆ ದಾಟಿಬರುವ ಸದ್ದು ಸುಮಾರು 5ರಿಂದ 6 ಡೆಸಿಬೆಲ್ ತಗ್ಗುತ್ತದೆ. ನಮ್ಮ ಕಿವಿಗೆ ಸದ್ದು ಅರ್ಧವಾಯಿತೆಂದು ಅನ್ನಿಸಬೇಕಾದರೆ 10 ಡೆಸಿಬೆಲ್ ತಗ್ಗಬೇಕು. ಆದುದರಿಂದ ಬರಿಯ ಭಾರವನ್ನೇ ನೆಚ್ಚಿಕೊಂಡರೆ ಹಗುರವಾದ ಕಾರು ಎತ್ತಿನ ಗಾಡಿಯಾದೀತು. ಚದರ ಮೀಟರಿಗೆ ಐದು ಕಿಲೋ ತೂಗುವ ವಿನೈಲ್ ಹಾಳೆಯನ್ನು ನಾಲ್ಕು ಚದರ ಮೀಟರಿಗೆ ಹಾಸಿದರೆ ಇಪ್ಪತ್ತು ಕಿಲೋ ಹೆಚ್ಚುತ್ತದೆ. ಇದರ ಬದಲು ತಗಡಿಗೂ ಭಾರದ ಹಾಳೆಗೂ ನಡುವೆ ಮೆತ್ತನೆಯ ನೊರೆರಬ್ಬರನ್ನು ಇಟ್ಟರೆ, ಎರಡು ಗೋಡೆಗಳ ನಡುವೆ ಮೆತ್ತೆಯಿಟ್ಟಂತಾಗಿ, ಅದೇ ತೂಕದಲ್ಲಿ ಹೆಚ್ಚಿನ ಫಲ ಸಿಗುತ್ತದೆ. ನಾವು ಭಾರದ ಹಾಳೆಯನ್ನು ಎಂಜಿನ್ನಿನ ಎದುರಿನ ಅಡ್ಡಗೋಡೆಗೂ ನಡುಸುರಂಗಕ್ಕೂ ಮಾತ್ರ ಬಳಸಿದೆವು.

ಸಣ್ಣ ತೂತು, ದೊಡ್ಡ ಅಪಾಯ

ಸದ್ದಿನ ಲೆಕ್ಕದಲ್ಲಿ ಅಚ್ಚರಿ ಹುಟ್ಟಿಸುವ ಒಂದು ಸಂಗತಿಯಿದೆ. ಗೋಡೆ ಎಷ್ಟೇ ಭಾರವಿರಲಿ, ಅದರ ವಿಸ್ತಾರದ ನೂರನೆಯ ಒಂದು ಪಾಲು ತೆರೆದಿದ್ದರೆ ಆ ಗೋಡೆ 20 ಡೆಸಿಬೆಲಿಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ಬಾಗಿಲ ಸಂದಿಯಿಂದ ಪಕ್ಕದ ಕೋಣೆಯ ಮಾತೆಲ್ಲ ಕೇಳಿಸುವುದು ಇದರಿಂದಲೇ. ಕಿಟ್ ಕಾರಿನ ಅಡ್ಡಗೋಡೆಯಲ್ಲಿ ತಂತಿಗಳಿಗೆ, ಕೇಬಲುಗಳಿಗೆ, ಸ್ಟಿಯರಿಂಗ್ ದಂಡಕ್ಕೆ, ಬಿಸಿನೀರಿನ ಕೊಳವೆಗಳಿಗೆಂದು ಕೊರೆದ ರಂಧ್ರಗಳು ಒಂದು ಡಜನಿಗೂ ಮಿಗಿಲಾಗಿರುತ್ತವೆ. ಇವನ್ನು ಮುಚ್ಚದೆ ಎಷ್ಟು ಬೆಲೆಬಾಳುವ ಹಾಳೆಯನ್ನು ಅಂಟಿಸಿದರೂ ವ್ಯರ್ಥ.

ಆದರೆ ತೂತುಗಳನ್ನು ಮುಚ್ಚುವುದಕ್ಕೆ ಸದ್ದಿಗಿಂತಲೂ ಗುರುತರವಾದ ಕಾರಣಗಳಿವೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಎಂದು ಚಾಲಕನಿಗೆ ತೋರುವಷ್ಟರಲ್ಲಿ ಕೈ ಮೀರಿರಬಹುದು. ಇನ್ನು, ಎಂಜಿನ್ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡರೆ ಒಳಗಿದ್ದವರು ಇಳಿದೋಡಲು ದೊರೆಯುವ ಕ್ಷಣಗಳನ್ನು ನಿರ್ಧರಿಸುವುದು ಆ ಅಡ್ಡಗೋಡೆಯೇ.

ತಂತಿಗಳು ಹಾದುಹೋಗುವ ರಂಧ್ರಗಳ ಅಂಚಿಗೆ ರಬ್ಬರಿನ ಬಳೆ ಹಾಕುವುದು ಕಡ್ಡಾಯ. ಬಳೆಯಿಲ್ಲದಿದ್ದರೆ ತಗಡಿನ ಹರಿತವಾದ ಅಂಚು ದಿನದಿನವೂ ತಂತಿಯ ಹೊದಿಕೆಯನ್ನು ತೇಯುತ್ತ ಹೋಗಿ ಒಂದು ದಿನ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಕಿಡಿ ರತ್ನಗಂಬಳಿಯ ಹಿಂದೆಯೇ ಹೊತ್ತಿಕೊಳ್ಳುತ್ತದೆ. ಬಳಕೆಯಿಲ್ಲದ ತೂತುಗಳಿಗೆ ತಗಡಿನ ತುಂಡನ್ನು ರಿವೆಟ್ ಹೊಡೆದು ಮುಚ್ಚಬೇಕು. ಉಳಿದ ಸಂದಿಗಳಿಗೆ ಬೆಂಕಿ ತಡೆಯುವ ಮೇಣವನ್ನು ಮೆತ್ತಬೇಕು.

ನೀರೆಂಬ ಅಡಗಿದ ವೈರಿ

ಶಾಖವೂ ಸದ್ದೂ ಕೂಡಲೇ ಗೊತ್ತಾಗುತ್ತವೆ. ನೀರು ಹಾಗಲ್ಲ, ರತ್ನಗಂಬಳಿಯ ಅಡಿಯಲ್ಲಿ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತದೆ. ತುಕ್ಕು ಹಿಡಿಯಲು ಕಬ್ಬಿಣ, ನೀರು, ಆಮ್ಲಜನಕ ಈ ಮೂರು ಸಾಕು. ಉಪ್ಪು ಸೇರಿದರೆ ವೇಗ ಹೆಚ್ಚು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಕಡಲ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಆಟಿಯ ಮಳೆ ಅದಕ್ಕೆ ನೀರು ಒದಗಿಸುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಬಿಟ್ಟ ಕತ್ತಿ ಒಂದು ವಾರದಲ್ಲಿ ಏನಾಗುತ್ತದೆಂದು ತೋಟದ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈ ಕಾರಣದಿಂದ ನೊರೆರಬ್ಬರಿನ ಆಯ್ಕೆಯಲ್ಲಿ ಎಚ್ಚರ ಬೇಕು. ನೊರೆಯಲ್ಲಿ ಎರಡು ಜಾತಿ. ಒಂದರ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಸ್ಪಂಜಿನಂತೆ ಅದು ಸದ್ದನ್ನೂ ಹೀರುತ್ತದೆ, ನೀರನ್ನೂ ಹೀರುತ್ತದೆ. ಇನ್ನೊಂದರ ಪ್ರತಿಯೊಂದು ಗುಳ್ಳೆಯೂ ಪ್ರತ್ಯೇಕವಾಗಿ ಮುಚ್ಚಿಕೊಂಡಿರುತ್ತದೆ. ಅದು ಶಾಖವನ್ನು ಚೆನ್ನಾಗಿ ತಡೆಯುತ್ತದೆ, ನೀರನ್ನು ಒಳಗೊಳ್ಳುವುದಿಲ್ಲ. ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ ಬೆಳಿಗ್ಗೆ ಹಿಂಡಿ ನೋಡಿದರೆ ಯಾವ ಜಾತಿಯದೆಂದು ತಿಳಿಯುತ್ತದೆ. ತಳಕ್ಕೆ ಹಾಕತಕ್ಕದ್ದು ಎರಡನೆಯ ಜಾತಿಯದನ್ನು ಮಾತ್ರ. ತಳದಲ್ಲಿ ನೀರು ಹರಿದುಹೋಗಲು ಬಿಟ್ಟ ರಂಧ್ರಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಹಾಳೆ ಅಂಟಿಸುವ ಮೊದಲು ಉಕ್ಕಿನ ಕೊಳವೆಗಳಿಗೆ ತುಕ್ಕುನಿರೋಧಕ ಬಣ್ಣವನ್ನು ಎರಡು ಸಲ ಬಳಿದು ಚೆನ್ನಾಗಿ ಒಣಗಿಸಬೇಕು. ಒಮ್ಮೆ ಹೊದಿಕೆ ಬಿದ್ದ ಮೇಲೆ ಆ ಜಾಗವನ್ನು ಮತ್ತೆ ನೋಡುವ ಅವಕಾಶ ವರ್ಷಗಳ ತನಕ ಬಾರದು.

ಪದರಗಳ ಕ್ರಮ

ಮೇಲಿನ ವಿವರಗಳಿಂದ ಪದರಗಳ ಕ್ರಮ ತಾನಾಗಿಯೇ ಸಿದ್ಧವಾಗುತ್ತದೆ:

1. ಎಂಜಿನ್ನಿನ ಕಡೆಗೆ, ಗಾಳಿಯ ಎಡೆ ಬಿಟ್ಟು, ಹೊಳೆಯುವ ಶಾಖತಡೆ.
2. ಶುಚಿಗೊಳಿಸಿ ಬಣ್ಣ ಬಳಿದ ತಗಡು, ತೂತುಗಳೆಲ್ಲ ಮುಚ್ಚಿರಬೇಕು.
3. ತಗಡಿನ ಒಳಮುಖಕ್ಕೆ ಕಂಪನ ತಗ್ಗಿಸುವ ಹಾಳೆ.
4. ಅದರ ಮೇಲೆ ಮುಚ್ಚಿದ ಗುಳ್ಳೆಗಳ ನೊರೆರಬ್ಬರು.
5. ಅಗತ್ಯವಿದ್ದಲ್ಲಿ ಮಾತ್ರ ಭಾರದ ಹಾಳೆ.
6. ಎಲ್ಲಕ್ಕಿಂತ ಮೇಲೆ ರತ್ನಗಂಬಳಿ.

ಒಂದೊಂದು ಪದರಕ್ಕೆ ಒಂದೊಂದೇ ಕೆಲಸ. ಒಂದು ಪದರ ಇನ್ನೊಂದರ ಕೆಲಸವನ್ನು ಮಾಡಲಾರದು. ಕಂಪನ ತಗ್ಗಿಸುವ ಹಾಳೆಯನ್ನು ನೊರೆಯ ಮೇಲೆ ಅಂಟಿಸಿದರೆ ಅದಕ್ಕೆ ತಗಡಿನ ಸಂಪರ್ಕವೇ ಇರುವುದಿಲ್ಲ. ರತ್ನಗಂಬಳಿಯನ್ನು ಎಷ್ಟು ದಪ್ಪಗೆ ಹಾಸಿದರೂ ಅದು ಹೊಗೆಕೊಳವೆಯ ವಿಕಿರಣವನ್ನು ಹಿಂದಕ್ಕೆ ಕಳುಹಿಸದು.

ಮಾದರಿ ಕತ್ತರಿಸುವುದು, ಅಂಟಿಸುವುದು

ರತ್ನಗಂಬಳಿಯನ್ನು ಕತ್ತರಿಸುವುದು ದರ್ಜಿಯ ಕೆಲಸಕ್ಕೆ ಸಮಾನ. ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ, ಆಮೇಲೆ ದಪ್ಪ ರಟ್ಟಿನಲ್ಲಿ ಪ್ರತಿಯೊಂದು ಭಾಗದ ಮಾದರಿಯನ್ನು ಮಾಡಿಕೊಂಡು ಸ್ಥಳದಲ್ಲಿಟ್ಟು ಸರಿನೋಡಬೇಕು. ನಮ್ಮ ಕಾರಿಗೆ ಹದಿನೇಳು ತುಂಡುಗಳು ಬೇಕಾದವು. ಮಾದರಿಯ ಮೇಲೆ ‘ಎಡ’, ‘ಬಲ’, ‘ಮೇಲ್ಮುಖ’ ಎಂದು ಬರೆದಿಡಬೇಕು. ಏಕೆಂದರೆ ರತ್ನಗಂಬಳಿಯನ್ನು ಕತ್ತರಿಸುವುದು ಹಿಂಬದಿಯಿಂದ, ಆಗ ಎಡಬಲಗಳು ಅದಲುಬದಲಾಗುತ್ತವೆ. ಮಖಮಲ್ಲಿನಂತೆ ರತ್ನಗಂಬಳಿಯ ಎಳೆಗಳಿಗೂ ಒಂದು ಒಲವು ಇದೆ. ಎಲ್ಲ ತುಂಡುಗಳ ಎಳೆಯೂ ಒಂದೇ ದಿಕ್ಕಿಗೆ ಮಲಗಿರಬೇಕು. ಇಲ್ಲವಾದರೆ ಒಂದೇ ಸುರುಳಿಯಿಂದ ಕತ್ತರಿಸಿದ್ದರೂ ಬಣ್ಣ ಬೇರೆಬೇರೆಯಾಗಿ ಕಾಣುತ್ತದೆ. ಅಂಚುಗಳಿಗೆ ವಿನೈಲ್ ಪಟ್ಟಿ ಸೇರಿಸಿ ಹೊಲಿಯುವ ಕೆಲಸವನ್ನು ನನ್ನ ಪತ್ನಿ ತನ್ನ ಹೊಲಿಗೆ ಯಂತ್ರದಲ್ಲಿ ಬಲು ಅಚ್ಚುಕಟ್ಟಾಗಿ ಮಾಡಿಕೊಟ್ಟಳು. ಕಾರನ್ನು ನೋಡಿದವರು ಮೊದಲು ಮೆಚ್ಚುವುದು ಆ ಹೊಲಿಗೆಯನ್ನೇ ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಅಂಟಿನಲ್ಲಿ ಹೆಚ್ಚು ಶಾಖ ತಾಳುವ ಜಾತಿಯದನ್ನೇ ಆರಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಸಿಲು ನೇರ ಬೀಳುವ ಜಾಗ 70 ಡಿಗ್ರಿಗೂ ಮೀರಿ ಕಾಯಬಹುದು. ಸಾಧಾರಣ ಅಂಟು ಆಗ ಮೆತ್ತಗಾಗಿ ಹೊದಿಕೆ ಜೋತುಬೀಳುತ್ತದೆ. ಅಂಟನ್ನು ಎರಡೂ ಮೈಗಳಿಗೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಒಮ್ಮೆ ತಾಗಿತೆಂದರೆ ಹಿಡಿದಂತೆಯೇ, ಸರಿಸಲು ಬಾರದು. ಇಂತಹ ಅಂಟಿನ ಆವಿ ಗಾಳಿಗಿಂತ ಭಾರವಾದುದು, ಬೇಗನೆ ಹೊತ್ತಿಕೊಳ್ಳುವಂಥದು. ಅದು ಕಾರಿನ ತಳದಲ್ಲಿ ಕೊಳದ ನೀರಿನಂತೆ ತುಂಬಿ ನಿಲ್ಲುತ್ತದೆ. ಬಾಗಿಲುಗಳನ್ನೆಲ್ಲ ತೆರೆದು, ಬ್ಯಾಟರಿಯ ಸಂಪರ್ಕ ಕಳಚಿ, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇಲ್ಲದಂತೆ ನೋಡಿಕೊಂಡೇ ಕೆಲಸಕ್ಕೆ ತೊಡಗಬೇಕು.

ಮೊದಲು ಅಡ್ಡಗೋಡೆ, ಬಳಿಕ ನಡುಸುರಂಗ, ಆಮೇಲೆ ಪಕ್ಕಗಳು, ಕಟ್ಟಕಡೆಗೆ ತಳ: ಇದು ಹೊದಿಸುವ ಕ್ರಮ. ತಳದ ರತ್ನಗಂಬಳಿಯನ್ನು ಅಂಟಿಸದೆ ಒತ್ತುಗುಂಡಿಗಳಿಂದ ಹಿಡಿದಿಡುವುದು ಒಳ್ಳೆಯದು. ಒದ್ದೆಯಾದಾಗ ತೆಗೆದು ಬಿಸಿಲಿಗೆ ಹಾಕಬಹುದು, ಕೆಳಗಿನ ತಗಡನ್ನೂ ನೋಡಬಹುದು. ಬೋಲ್ಟಿಗೆ ತೂತು ಬೇಕಾದಲ್ಲಿ ರತ್ನಗಂಬಳಿಯ ಮೇಲೆಯೇ ಡ್ರಿಲ್ ಹಿಡಿಯಬಾರದು. ಡ್ರಿಲ್ಲಿಗೆ ಒಂದು ಎಳೆ ಸಿಕ್ಕಿದರೆ ಇಡೀ ಸಾಲೇ ಬಿಚ್ಚಿಕೊಂಡು ಬರುತ್ತದೆ. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಆದರೆ ಬಿಸಿ ಮಾಡಿದ ಬೆಸುಗೆ ಕಡ್ಡಿಯಿಂದ ಕರಗಿಸಿ ಅಚ್ಚುಕಟ್ಟಾದ ರಂಧ್ರ ಮಾಡಬಹುದು.

ಯಾವ ರತ್ನಗಂಬಳಿ?

ಉಣ್ಣೆ, ನೈಲಾನ್, ಪಾಲಿಪ್ರೊಪಿಲೀನ್ ಇವು ಮೂರು ಮುಖ್ಯ ಆಯ್ಕೆಗಳು. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು, ಆದರೆ ಬೆಲೆ ಹೆಚ್ಚು. ಒದ್ದೆಯಾದರೆ ಬೇಗ ಒಣಗದು. ನೈಲಾನ್ ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ. 200 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ನೀರನ್ನು ಹೀರುವುದಿಲ್ಲ, ಎಲ್ಲ ಕಡೆಗೂ ಹಿಗ್ಗಿ ತಿರುವುಗಳಿಗೆ ಚೆನ್ನಾಗಿ ಕೂರುತ್ತದೆ. ಆದರೆ ಸುಮಾರು 165 ಡಿಗ್ರಿಗೇ ಕರಗುವುದರಿಂದ ಹೊಗೆಕೊಳವೆಯ ಸಮೀಪಕ್ಕೆ ತಕ್ಕುದಲ್ಲ. ನಾವು ತಳಕ್ಕೂ ಸುರಂಗಕ್ಕೂ ನೈಲಾನನ್ನೂ ಪಕ್ಕಗಳಿಗೆ ಪಾಲಿಪ್ರೊಪಿಲೀನನ್ನೂ ಬಳಸಿದೆವು. ನಮ್ಮ ನಾಡಿನ ತೆಂಗಿನ ನಾರಿಗೂ ವಾಹನದೊಳಗೆ ಸ್ಥಾನವಿತ್ತೆಂಬುದು ಹೆಮ್ಮೆಯ ವಿಷಯ: ಹಿಂದಿನ ಎಷ್ಟೋ ಕಾರುಗಳ ಆಸನದ ಮೆತ್ತೆಗಳನ್ನು ರಬ್ಬರು ಸಿಂಪಡಿಸಿದ ತೆಂಗಿನ ನಾರಿನಿಂದಲೇ ತಯಾರಿಸುತ್ತಿದ್ದರು.

ವಾಹನದೊಳಗಿನ ವಸ್ತುಗಳು ಹೇಗೆ ಉರಿಯುತ್ತವೆಂಬುದಕ್ಕೆ ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ನಿಯಮ ಪ್ರಸಿದ್ಧವಾದುದು. ಅಡ್ಡವಾಗಿ ಹಿಡಿದ ತುಂಡಿನಲ್ಲಿ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಕೂಡದು ಎಂಬುದು ಅದರ ತಿರುಳು. ಮನೆಯ ಹಜಾರಕ್ಕೆಂದು ಮಾರುವ ಕಂಬಳಿ ಇಂತಹ ಪರೀಕ್ಷೆಗೆ ಒಳಪಟ್ಟಿರಬೇಕೆಂದಿಲ್ಲ. ವಾಹನಕ್ಕೆಂದೇ ತಯಾರಾದುದನ್ನು ಕೊಳ್ಳುವುದು ಜಾಣತನ. ಬಹಳ ಹಳೆಯ ವಾಹನಗಳಿಂದ ಬಿಚ್ಚಿದ ಶಾಖತಡೆ ಹಾಳೆಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಬ್ರಿಟನ್ನಿನಲ್ಲಿ 1999ರಲ್ಲಿ ಅದನ್ನು ಪೂರ್ಣವಾಗಿ ನಿಷೇಧಿಸಿದರು. ಅಂತಹ ಹಾಳೆಯನ್ನು ಉಜ್ಜುವುದಾಗಲಿ ಹರಿಯುವುದಾಗಲಿ ಕೂಡದು.

ಪೆಡಲು, ಪಟ್ಟಿ ಮತ್ತು ಪರಿಶೀಲನೆ

ಇನ್ನು ಉಳಿದಿರುವುದು ಮೂರು ಮುಖ್ಯ ಎಚ್ಚರಿಕೆಗಳು.

ಮೊದಲನೆಯದು ಪೆಡಲುಗಳದು. ಹೊದಿಕೆಯ ದಪ್ಪ ಸೇರಿದ ಮೇಲೆ ಪ್ರತಿಯೊಂದು ಪೆಡಲೂ ಪೂರ್ಣವಾಗಿ ಕೆಳಗಿಳಿದು ತಡೆಯಿಲ್ಲದೆ ಮೇಲೇಳುತ್ತದೆಯೇ ಎಂದು ನೋಡಬೇಕು. ನೆಲಹಾಸು ಮುಂದಕ್ಕೆ ಜರುಗದಂತೆ ಬಂಧಿಸಿರಬೇಕು. 2009ರಲ್ಲಿ ಟೊಯೋಟ ಸಂಸ್ಥೆ, ನೆಲಹಾಸು ವೇಗದ ಪೆಡಲಿಗೆ ಸಿಕ್ಕಿಕೊಳ್ಳುವ ಸಂಭವವಿದೆಯೆಂಬ ಕಾರಣಕ್ಕೆ, ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳ ಮಾಲಿಕರಿಗೆ ಹಾಸನ್ನು ತೆಗೆದಿಡುವಂತೆ ಸೂಚಿಸಬೇಕಾಯಿತು. ಒಂದು ತುಂಡು ಹಾಸಿನ ಮಹತ್ತ್ವ ಇಷ್ಟು.

ಎರಡನೆಯದು ಸುರಕ್ಷಾ ಪಟ್ಟಿ ಮತ್ತು ಆಸನಗಳ ಬೋಲ್ಟುಗಳದು. ಇವು ಲೋಹವನ್ನು ಲೋಹಕ್ಕೇ ಬಿಗಿಯಬೇಕು. ನಡುವೆ ರತ್ನಗಂಬಳಿಯೋ ನೊರೆಯೋ ಸಿಕ್ಕಿಕೊಂಡರೆ, ಕಾಲಕ್ರಮದಲ್ಲಿ ಅದು ಕುಗ್ಗಿ ಬೋಲ್ಟು ಸಡಿಲಗೊಳ್ಳುತ್ತದೆ. ಆ ಜಾಗದಲ್ಲಿ ಹೊದಿಕೆಯನ್ನು ವಾಷರಿಗಿಂತ ಅಗಲವಾಗಿ ಕತ್ತರಿಸಿ ತೆಗೆಯಬೇಕು.

ಮೂರನೆಯದು ಪರಿಶೀಲನೆಯದು. ಬ್ರೇಕಿನ ಕೊಳವೆ, ಇಂಧನದ ಕೊಳವೆಗಳನ್ನು ಅಂಟಿಸಿದ ಹೊದಿಕೆಯ ಅಡಿಯಲ್ಲಿ ಹೂತುಹಾಕಬಾರದು. ವರ್ಷಕ್ಕೊಮ್ಮೆಯಾದರೂ ಅವುಗಳನ್ನು ಕಣ್ಣಿನಿಂದ ನೋಡಿ ಕೈಯಿಂದ ಮುಟ್ಟುವಂತಿರಬೇಕು. ನಡುಸುರಂಗದ ಮೇಲ್ಭಾಗವನ್ನು ತಿರುಪುಗಳಿಂದ ಕೂರಿಸಿ, ಬೇಕೆಂದಾಗ ತೆಗೆಯಬಹುದಾದ ಮುಚ್ಚಳವನ್ನಾಗಿ ಮಾಡಿದುದು ನಮಗೆ ಬಹಳ ಅನುಕೂಲವಾಯಿತು.

ನಮ್ಮ ಊರಿಗೆ ಇದರ ಪ್ರಯೋಜನ

ಭಾರತದಲ್ಲಿ ಇಂತಹ ಕಾರನ್ನು ಕಟ್ಟಿ ನೋಂದಾಯಿಸುವುದು ಸುಲಭವಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ, ತಯಾರಕರು ನಿರ್ದಿಷ್ಟಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಆದರೆ ಇಲ್ಲಿ ಹೇಳಿದ ತತ್ತ್ವಗಳಿಗೆ ಅಂತಹ ಗಡಿಯಿಲ್ಲ. ಹಳೆಯ ಜೀಪಿನ ತಳ ತುಕ್ಕು ಹಿಡಿಯುತ್ತಿದ್ದರೆ ಅದರ ಹಾಸನ್ನೆತ್ತಿ ನೋಡಿರಿ; ಒದ್ದೆ ಸ್ಪಂಜು ಸಿಕ್ಕೀತು. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಮಾತು ಕೇಳಿಸದಿದ್ದರೆ ಅದು ಚೆಂಡೆಯ ಚರ್ಮದ ಸಮಸ್ಯೆ. ತಗಡಿನ ಕಂಪನವನ್ನು ಅಡಗಿಸದೆ ಪರಿಹಾರವಿಲ್ಲ. ಅದೇ ಮಾಡು ಬೇಸಗೆಯಲ್ಲಿ ಕಾದರೆ ಅದು ವಿಕಿರಣದ ಸಮಸ್ಯೆ. ಕೆಳಗೊಂದು ಹೊಳಪಿನ ಹಾಳೆಯೂ ನಡುವೆ ಗಾಳಿಯ ಎಡೆಯೂ ಬೇಕು. ರೋಗ ಯಾವುದೆಂದು ಮೊದಲು ಗುರುತಿಸಿದರೆ ಮದ್ದು ತಾನಾಗಿ ಹೊಳೆಯುತ್ತದೆ, ಹಣವೂ ಉಳಿಯುತ್ತದೆ.

ಈ ಕೆಲಸದಲ್ಲಿ ನಾನು ಮನಗಂಡ ಮುಖ್ಯ ಸಂಗತಿಯೆಂದರೆ, ಮೇಲಿನ ರತ್ನಗಂಬಳಿಗೆ ತಗಲಿದ ಸಮಯ ಎರಡು ದಿನ, ಕೆಳಗಿನ ಪದರಗಳಿಗೆ ತಗಲಿದುದು ಐದು ವಾರ. ನೋಡುವವರಿಗೆ ಆ ಐದು ವಾರಗಳು ಕಾಣಿಸುವುದಿಲ್ಲ. ಕುಳಿತು ಪ್ರಯಾಣ ಮಾಡುವವರಿಗೆ ಮಾತ್ರ ತಿಳಿಯುತ್ತವೆ. ಸುವರ್ಣ ವರ್ಷವನ್ನು ಆಚರಿಸುತ್ತಿರುವ ನಮ್ಮ ಶಾಲೆಯ ಈಗಿನ ವಿದ್ಯಾರ್ಥಿಗಳು ಪಾಠದ ಪುಸ್ತಕದಲ್ಲಿ ಓದಿದ ವಹನ, ವಿಕಿರಣ, ಕಂಪನಗಳನ್ನು ತಮ್ಮ ಮನೆಯ ಮಾಡಿನಲ್ಲಿ, ಅಂಗಳದ ವಾಹನದಲ್ಲಿ ಹುಡುಕಿ ಗುರುತಿಸಲಿ. ಉಪಕರಣ ಹಿಡಿಯಲು ಹಿಂಜರಿಯದ ಕೈಗಳು ಅವರಿಗೆ ದೊರೆಯಲಿ. ಶಾಲೆಯು ಮುಂದಿನ ಐವತ್ತು ವರ್ಷಗಳಲ್ಲಿಯೂ ಕನ್ನಡದಲ್ಲಿ ಅರಿವನ್ನು ಹಂಚುತ್ತ ಬೆಳೆಯಲೆಂದು ಹಾರೈಸುತ್ತೇನೆ.